ಮಾಯದ ಹುಣ್ಣಿನ ಹಿಂದಿನ ನೂರು ವರ್ಷ

ಕಲಬುರಗಿಯ ಕಡೆ ಬಾಯಿ ಕ್ಯಾನ್ಸರಿನ ಮುನ್ಸೂಚನೆ ಎಷ್ಟೋ ಸಲ ಊಟಕ್ಕೆ ಕೂತಾಗಲೇ ಸಿಗುತ್ತದೆ. ಹಸಿಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ಉಂಡು ಬೆಳೆದ ಹುಡುಗನಿಗೆ ಪುಂಡಿಪಲ್ಯದ ಖಾರ ಕೂಡ ತಡೆಯದಂತಾಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಖಡಕ್ ರೊಟ್ಟಿಯ ತುಂಡು ಇಡುವಷ್ಟೂ ಬಾಯಿ ತೆರೆಯುವುದಿಲ್ಲ. ಕೆನ್ನೆಯ ಒಳಪದರ ಬಿಳಿಚಿಕೊಂಡು, ಅದರಡಿ ನಾರು ಬೆಳೆದು, ಬಾಯಿ ಬಿಗಿಯುತ್ತಾ ಹೋಗುವ ಈ ಸ್ಥಿತಿ ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಅದು ಕ್ಯಾನ್ಸರಿಗೆ ತಿರುಗಬಲ್ಲದು. 1952ರಲ್ಲಿ ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರ ಬಾಯಿಯಲ್ಲಿ ಇದನ್ನು ಶ್ವಾರ್ಟ್ಜ್ ಎಂಬ ವೈದ್ಯರು ಗುರುತಿಸಿದರು. ಮರುವರ್ಷ ಮುಂಬೈಯ ಎಸ್.ಜಿ. ಜೋಶಿ ಅವರು ಇದಕ್ಕೆ 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಎಂಬ ಹೆಸರು ಕೊಟ್ಟರು, ಆ ಹೆಸರೇ ಇಂದಿಗೂ ಉಳಿದಿದೆ.

ಇದರ ಮುಖ್ಯ ಕಾರಣ ಅಡಿಕೆ. ಆದರೆ ಅಡಿಕೆಯ ಮೇಲಿನ ತೀರ್ಪು ಬರಲು ಬಹಳ ಕಾಲ ಹಿಡಿಯಿತು. ತಂಬಾಕು ಬೆರೆಸಿದ ಎಲೆಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1985ರಲ್ಲಿಯೇ ಹೇಳಿತ್ತು. ತಂಬಾಕಿಲ್ಲದ ಬರೀ ಅಡಿಕೆಯೂ ಹಾಗೆಯೇ ಎಂದು ಅದು ಘೋಷಿಸಿದ್ದು 2004ರಲ್ಲಿ. ಅಡಿಕೆಯ ತೋಟಗಳನ್ನೇ ನಂಬಿದ ಲಕ್ಷಾಂತರ ಕುಟುಂಬಗಳಿರುವ ನಮ್ಮ ರಾಜ್ಯದಲ್ಲಿ ಈ ಮಾತನ್ನು ಗಟ್ಟಿಯಾಗಿ ಆಡಲು ಹಿಂಜರಿಕೆಯಿದೆ. ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ, ಆದರೆ ಅದರ ಬೆಲೆಯನ್ನು ತೆರುತ್ತಿರುವವರಲ್ಲಿ ಅಡಿಕೆಯ ಒಂದು ಗಿಡವೂ ಬೆಳೆಯದ ನಮ್ಮ ಬಯಲುಸೀಮೆಯ ಹುಡುಗರೂ ಇದ್ದಾರೆ.

ತಂಬಾಕಿನ ವಿಷಯವಂತೂ ಹೊಸದೇ ಅಲ್ಲ. ಅಂದಿನ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯ ಅನುಭವದಿಂದ ಓರ್ ಎಂಬ ವೈದ್ಯರು ಎಲೆಅಡಿಕೆ ಜಗಿಯುವವರ ಬಾಯಿ ಕ್ಯಾನ್ಸರಿನ ಬಗ್ಗೆ 1933ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. 1966ರಿಂದ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧಕರು ದೇಶದ ಬೇರೆ ಬೇರೆ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 50,000ಕ್ಕೂ ಹೆಚ್ಚು ಜನರ ಬಾಯಿ ಪರೀಕ್ಷಿಸಿದರು. ಬಾಯಿ ಕ್ಯಾನ್ಸರ್ ಸಾಮಾನ್ಯವಾಗಿ ಇದ್ದಕ್ಕಿದ್ದಂತೆ ಹುಟ್ಟುವುದಿಲ್ಲ, ಬಿಳಿ ಮಚ್ಚೆ, ಕೆಂಪು ಮಚ್ಚೆ ಅಥವಾ ಬಿಗಿತದ ರೂಪದಲ್ಲಿ ಮೊದಲೇ ಕಾಣಿಸಿಕೊಂಡಿರುತ್ತದೆ ಎಂಬುದು ಆ ಸುತ್ತಾಟದಿಂದ ಸ್ಪಷ್ಟವಾಯಿತು. ಬೇರೆ ಅನೇಕ ಕ್ಯಾನ್ಸರುಗಳನ್ನು ಕಾಣಲು ಯಂತ್ರ ಬೇಕು. ಇದಕ್ಕೆ ಬೆಳಕು ಸಾಕು.

ಚಿಕಿತ್ಸೆಯ ಚರಿತ್ರೆ ಕಠೋರವಾಗಿ ಶುರುವಾಯಿತು. ಬಾಯಿಯ ಕ್ಯಾನ್ಸರ್ ಮೊದಲು ಹರಡುವುದು ಕತ್ತಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್). ಅವೆಲ್ಲವನ್ನೂ ಒಟ್ಟಾಗಿ ಕಿತ್ತುತೆಗೆಯುವ ಶಸ್ತ್ರಕ್ರಿಯೆಯನ್ನು ಅಮೆರಿಕದ ಜಾರ್ಜ್ ಕ್ರೈಲ್ 1906ರಲ್ಲಿ ವಿವರಿಸಿದರು. ಆ ಮಾದರಿಯ ಶಸ್ತ್ರಕ್ರಿಯೆಯಲ್ಲಿ ಗ್ರಂಥಿಗಳ ಜೊತೆಗೆ ಕತ್ತಿನ ದೊಡ್ಡ ಸ್ನಾಯು, ರಕ್ತನಾಳ, ಭುಜ ಎತ್ತುವ ನರ ಎಲ್ಲವೂ ಹೋಗುತ್ತಿದ್ದವು. ಬದುಕಿ ಉಳಿದವನ ತೋಳು ಮೇಲೇಳುತ್ತಿರಲಿಲ್ಲ. ಆ ನರವನ್ನು ಉಳಿಸಿಕೊಂಡೇ ಗ್ರಂಥಿ ತೆಗೆಯುವ ವಿಧಾನ ಬಳಕೆಗೆ ಬಂದದ್ದು 1960ರ ದಶಕದಿಂದೀಚೆಗೆ. ಕೆನ್ನೆ, ದವಡೆ ಕಳೆದುಕೊಂಡವರಿಗೆ ಎದೆಯ ಸ್ನಾಯುವನ್ನು ಚರ್ಮದೊಡನೆ ಮೇಲೆತ್ತಿ ಹೊಲಿಯುವ ಕ್ರಮವನ್ನು 1979ರಲ್ಲಿ ಅಮೆರಿಕದ ಶಸ್ತ್ರವೈದ್ಯ ಅರಿಯನ್ ಪ್ರಕಟಿಸಿದರು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಅನೇಕರ ಮುಖ ನಿಂತಿರುವುದು ಅದರ ಮೇಲೆಯೇ.

ಆದರೂ ಒಂದು ಪ್ರಶ್ನೆ ಬಗೆಹರಿದಿರಲಿಲ್ಲ. ನಾಲಿಗೆಯ ಮೇಲೆ ಸಣ್ಣ ಗಡ್ಡೆಯಿದೆ, ಕತ್ತಿನಲ್ಲಿ ಕೈಗೆ ಯಾವ ಗಂಟೂ ಸಿಗುತ್ತಿಲ್ಲ. ಆಗ ಕತ್ತನ್ನೂ ಶಸ್ತ್ರಕ್ರಿಯೆಗೆ ಒಳಪಡಿಸಬೇಕೆ, ಅಥವಾ ಗಂಟು ಬಂದರೆ ನೋಡೋಣ ಎಂದು ಕಾಯಬೇಕೆ? ಇದಕ್ಕೆ ಗಟ್ಟಿ ಉತ್ತರ ಕೊಟ್ಟದ್ದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 500 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೊದಲೇ ಕತ್ತಿನ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ 80, ಕಾದು ನೋಡಿದವರಲ್ಲಿ ಶೇ 67.5. ಚಿಂಚೋಳಿ ಅಥವಾ ಸುರಪುರದ ರೋಗಿಗೆ ಈ ಅಂಕಿ ಇನ್ನಷ್ಟು ಮಹತ್ವದ್ದು, ಏಕೆಂದರೆ 'ಕಾಯುವುದು' ಎಂದರೆ ತಪ್ಪದೆ ತಪಾಸಣೆಗೆ ಬರುವುದು ಎಂದರ್ಥ. ಸುಗ್ಗಿಯ ಕೂಲಿ ಬಿಟ್ಟು, ಬಸ್ಸು ಹಿಡಿದು, ನೋವಿಲ್ಲದ ಕತ್ತನ್ನು ತೋರಿಸಲು ಬರುವವರು ಕಡಿಮೆ.

ಹಾಗೆಯೇ ಮರುಕಳಿಸಿದ ಅಥವಾ ಹರಡಿದ ರೋಗದ ವಿಷಯದಲ್ಲೂ ಇಲ್ಲಿನ ಜೇಬಿಗೆ ಹೊಂದುವ ಸಂಶೋಧನೆ ನಡೆದಿದೆ. ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ನಿವೊಲುಮಾಬ್ ಎಂಬ ಔಷಧದ ಪೂರ್ಣ ಪ್ರಮಾಣ ನಮ್ಮ ರೋಗಿಗಳಲ್ಲಿ ಬಹುಪಾಲು ಜನರಿಗೆ ನಿಲುಕದು. ಟಾಟಾ ಆಸ್ಪತ್ರೆಯ ವೈದ್ಯರು ಅದನ್ನು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂನಂತೆ, ಕಡಿಮೆ ಬೆಲೆಯ ನುಂಗುವ ಔಷಧಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ಇದು ಪೂರ್ತಿ ಗುಣವಲ್ಲ. ಆದರೆ ಆ ಹಂತದ ರೋಗಿಯ ಮನೆಯವರನ್ನು ಕೇಳಿದರೆ ಒಂದು ವರ್ಷದ ಬೆಲೆ ಏನೆಂದು ಅವರು ಹೇಳಬಲ್ಲರು.

ಚಿಕಿತ್ಸೆ ಸಿಗುವ ಊರುಗಳ ಚರಿತ್ರೆಯೂ ನಮ್ಮ ಭಾಗದ ಚರಿತ್ರೆಯೇ. 1956ರವರೆಗೆ ಕಲಬುರಗಿ, ಬೀದರ್ ಹೈದರಾಬಾದ್ ರಾಜ್ಯದಲ್ಲಿದ್ದವು. ಮೆಹದಿ ನವಾಜ್ ಜಂಗ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಹೈದರಾಬಾದಿನಲ್ಲಿ 1955ರಲ್ಲಿ ಶುರುವಾಗಿತ್ತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲೂ ಕ್ಯಾನ್ಸರ್ ಆಸ್ಪತ್ರೆಯಿದೆ, ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಅಲ್ಲಿಯೇ ಆರಂಭವಾಯಿತು. ಜನರು ಇಲ್ಲಿ 'ಕರೆಂಟ್' ಎಂದು ಕರೆಯುವ ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಪರಊರಿನಲ್ಲಿ ಅಷ್ಟು ದಿನ ಇರಬೇಕಾದ ಬಡವರು ಅರ್ಧದಲ್ಲೇ ಬಿಟ್ಟು ಬರುವ ಅಪಾಯವಿರುವುದರಿಂದಲೇ ಕಿದ್ವಾಯಿಯ ಶಾಖೆ ಕಲಬುರಗಿಯಲ್ಲಿ ಇರುವುದು ಬಹಳ ಮುಖ್ಯ.

ಹಣದ ಪ್ರಶ್ನೆಗೆ ಸಿಕ್ಕ ಒಂದು ಉತ್ತರವೂ ಇಲ್ಲಿಂದಲೇ ಹೊರಟದ್ದು. ಬಿಪಿಎಲ್ ಕುಟುಂಬಗಳಿಗೆ ಕ್ಯಾನ್ಸರ್ ಸೇರಿದಂತೆ ದೊಡ್ಡ ರೋಗಗಳಿಗೆ ಉಚಿತ ಚಿಕಿತ್ಸೆ ನೀಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಗುಲ್ಬರ್ಗ ವಿಭಾಗದಲ್ಲಿ. ಯೋಜನೆಯಿದ್ದ ಗಡಿಯ ಹಳ್ಳಿಗಳನ್ನೂ ಅದರಾಚೆಯ, ಯೋಜನೆಯಿಲ್ಲದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಆದ ಸಾವು ಈಚೆ ಶೇ 0.32, ಆಚೆ ಶೇ 0.90.

ಇಷ್ಟಿದ್ದರೂ ರೋಗಿ ತಡವಾಗಿಯೇ ಬರುತ್ತಾನೆ. ಅಲುಗಾಡುವ ಹಲ್ಲನ್ನು ಕೀಳಿಸಿ, ಮಾಯದ ಹುಣ್ಣಿಗೆ ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿ ತಿಂಗಳುಗಟ್ಟಲೆ ಕಳೆಯುತ್ತಾನೆ. ಕೇರಳದ ತಿರುವನಂತಪುರದಲ್ಲಿ 1996ರಿಂದ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ಪ್ರಯೋಗದಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಇಳಿದದ್ದು 2005ರಲ್ಲಿಯೇ ವರದಿಯಾಗಿದೆ. ಅದನ್ನು ಆಧರಿಸಿ 30ರಿಂದ 65 ವರ್ಷದವರೆಗಿನ ಎಲ್ಲರ ಬಾಯಿಯನ್ನೂ ಐದು ವರ್ಷಕ್ಕೊಮ್ಮೆ ನೋಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ರೂಪಿಸಿತು. ಆದರೆ ಹೈಸ್ಕೂಲಿನಲ್ಲೇ ಗುಟ್ಕಾದ ಚೀಟು (ಪುಟ್ಟ ಪೊಟ್ಟಣ) ಹರಿಯಲು ಕಲಿತವನಿಗೆ 30 ಬಹಳ ತಡ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ತಿಂಗಳಲ್ಲಿ. ಆಮೇಲೆ ಪಾನ್ ಮಸಾಲೆಯ ಚೀಟು ಬೇರೆ, ತಂಬಾಕಿನ ಚೀಟು ಬೇರೆಯಾಗಿ ಮಾರಾಟಕ್ಕೆ ಬಂದವು, ಬೆರೆಸುವ ಕೆಲಸವಷ್ಟೇ ಗಿರಾಕಿಯ ಅಂಗೈಗೆ ಬಂತು.

ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ನೇರವಾಗಿ ಹಿಡಿಸದ ಬಾಯಿ, ಕತ್ತಿನಲ್ಲಿ ನೋವಿಲ್ಲದ ಗಂಟು, ಮೂರು ವಾರ ಮೀರಿದ ಗೊಗ್ಗರು ದನಿ, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಬೇಕು. ಹುಣ್ಣಿನ ಅಂಚಿನಿಂದ ಚೂರು ಮಾಂಸ ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಜಾಗ ಮರಗಟ್ಟಿಸುವ ಒಂದು ಸೂಜಿಮದ್ದು ಸಾಕು. ಅದನ್ನು ಮಾಡುವ ವೈದ್ಯಕೀಯ ಮತ್ತು ದಂತ ಕಾಲೇಜುಗಳು ಕಲಬುರಗಿಯಲ್ಲೇ ಇವೆ, ಅದಕ್ಕಾಗಿ ಹೈದರಾಬಾದಿಗೂ ಬೆಂಗಳೂರಿಗೂ ರೈಲು ಹತ್ತಬೇಕಾಗಿಲ್ಲ.