ಎಲ್ಫಿನ್ ವುಡ್ಸ್ ವಾರ್ಬ್ಲರ್: ನೆತ್ತಿ ನೋಡದೆ ಲೆಕ್ಕಕ್ಕೆ ಸೇರಿಸಬೇಡಿ

ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊರಿಕೊದ ಬೆಟ್ಟಗಳಲ್ಲಿ ಕಪ್ಪು-ಬಿಳಿ ಗೀರಿನ ಉಲಿಯಕ್ಕಿ ಕಂಡರೆ ಮೊದಲು ನೆತ್ತಿ ನೋಡಬೇಕು. ನಡುನೆತ್ತಿಯಲ್ಲಿ ಬಿಳಿ ಪಟ್ಟೆ ಇದ್ದರೆ ಅದು ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಬಂದ ಬ್ಲ್ಯಾಕ್ ಅಂಡ್ ವೈಟ್ ವಾರ್ಬ್ಲರ್. ನೆತ್ತಿಯೆಲ್ಲ ಕಪ್ಪಾಗಿದ್ದು, ಕೆನ್ನೆಯ ಹಿಂದೆ ಬಿಳಿ ಮಚ್ಚೆ, ಕಣ್ಣಿನ ಸುತ್ತ ಅರೆಬರೆ ಬಿಳಿ ಉಂಗುರ ಇದ್ದರೆ ಎಲ್ಫಿನ್ ವುಡ್ಸ್ ವಾರ್ಬ್ಲರ್. ಇದು ಆ ದ್ವೀಪದಲ್ಲಲ್ಲದೆ ಇನ್ನೆಲ್ಲೂ ಇಲ್ಲ.

ನೆತ್ತಿ ಕಾಣದಿದ್ದರೆ ನಡವಳಿಕೆ ನೋಡಿ. ವಲಸೆ ಹಕ್ಕಿ ಕಾಂಡಕ್ಕೆ, ದಪ್ಪ ಕೊಂಬೆಗೆ ಅಂಟಿಕೊಂಡು ತೊಗಟೆಯ ಸಂದು ಕೆದಕುತ್ತದೆ. ಎಲ್ಫಿನ್ ವುಡ್ಸ್ ವಾರ್ಬ್ಲರ್ ಎಲೆಗಳ ನಡುವೆ, ರೆಂಬೆಗಳ ತುದಿಯಲ್ಲಿ ಹುಳ ಹೆಕ್ಕುತ್ತದೆ, ಅದೂ ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಮಾಯವಾಗುವ ವೇಗದಲ್ಲಿ. ಎಳೆಯ ಹಕ್ಕಿಗಳ ವಿಷಯ ಬೇರೆ: ಬೆನ್ನು ಬೂದು ಮಿಶ್ರಿತ ಹಸಿರು, ಕಪ್ಪು ನೆತ್ತಿಯ ಗುರುತು ಅಲ್ಲಿ ನಡೆಯುವುದಿಲ್ಲ.

ದನಿಯನ್ನಷ್ಟೇ ನಂಬಿ ಬರೆದುಕೊಳ್ಳುವವರು ಹೆಚ್ಚು ಎಡವುತ್ತಾರೆ. ಒಂದೇ ಸ್ಥಾಯಿಯಲ್ಲಿ ಚಿಟಿಚಿಟಿ ಎಂದು ಜೋರಾಗುತ್ತ ಹೋಗಿ, ಕೊನೆಗೆ ಕೊಂಚ ನಿಧಾನವಾದ ಜೋಡಿ ಸ್ವರಗಳಲ್ಲಿ ನಿಲ್ಲುವ ಹಾಡು ಇದರದು. ದ್ವೀಪದ ತುಂಬ ಇರುವ ಬನಾನಾಕ್ವಿಟ್ ಎಂಬ ಪುಟ್ಟ ಹಕ್ಕಿಯ ಹಾಡೂ ಹೆಚ್ಚುಕಡಿಮೆ ಹೀಗೇ. ಹಾಡು ಕೇಳಿದ ಮೇಲೆ ಹಕ್ಕಿಯನ್ನು ಕಣ್ಣಾರೆ ನೋಡಿಯೇ ಗುರುತು ಹಾಕಿಕೊಳ್ಳಬೇಕು.

ಪಕ್ಷಿತಜ್ಞರು ಓಡಾಡಿದ್ದ ದ್ವೀಪದಲ್ಲೇ ಇದು 1968ರವರೆಗೆ ಯಾರ ಗಮನಕ್ಕೂ ಬಾರದಿದ್ದುದರಲ್ಲಿ ಆಶ್ಚರ್ಯವಿಲ್ಲ. ಕ್ಯಾಮರೂನ್ ಮತ್ತು ಏಂಜೆಲಾ ಕೆಪ್ಲರ್ ದಂಪತಿ ಗುರುತಿಸಿದ ಈ ಹಕ್ಕಿಗೆ 1972ರಲ್ಲಿ ವೈಜ್ಞಾನಿಕ ಹೆಸರು ಬಂತು. ಅದರಲ್ಲಿರುವ 'ಏಂಜೆಲೆ' ಆಕೆಯ ನೆನಪಿಗೆ. ಸಿಕ್ಕಿದ್ದು ದ್ವೀಪದ ಪೂರ್ವದ ಎಲ್ ಯುಂಕೆ ಕಾಡಿನ ನೆತ್ತಿಯಲ್ಲಿ. ಅಲ್ಲಿ ಮೋಡ, ಗಾಳಿ, ನೆನೆದ ನೆಲದ ಹೊಡೆತಕ್ಕೆ ಮರಗಳು ಕುಳ್ಳಾಗಿ, ಪಾಚಿ ಹೊದ್ದು ಹೆಣೆದುಕೊಂಡಿರುತ್ತವೆ. ಆಮೇಲೆ ಪಶ್ಚಿಮದ ಮರಿಕಾವೊ ಕಾಡಿನಲ್ಲೂ ಸಿಕ್ಕಿತು. ನಡುವಿನ ಟೊರೊ ನೆಗ್ರೊ, ಕರಿಟೆ ಕಾಡುಗಳಲ್ಲಿ ಹಿಂದೆ ದಾಖಲಾಗಿದ್ದರೂ ಇತ್ತೀಚಿನ ಹುಡುಕಾಟಗಳಲ್ಲಿ ಕಂಡಿಲ್ಲ. ಹಾಗಾಗಿ ಉಳಿದಿರುವುದು ದ್ವೀಪದ ಎರಡು ತುದಿಯ ಎರಡು ನೆಲೆ. ಒಂದರ ನಷ್ಟವನ್ನು ಇನ್ನೊಂದರ ಹಕ್ಕಿಗಳು ಬಂದು ತುಂಬುವ ಭರವಸೆ ಕಡಿಮೆ. 2016ರಲ್ಲಿ ಅಮೆರಿಕದ ಕಾನೂನಿನಡಿ ಇದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿದರು.

ಮರಿಕಾವೊ ಸುತ್ತ ಕಾಫಿ ತೋಟಗಳಿವೆ. ನೆರಳಿನ ಕಾಫಿ ಎಂದರೇನೆಂದು ಕೊಡಗಿನವರಿಗೆ ಹೇಳಬೇಕಿಲ್ಲ; ಪೋರ್ಟೊರಿಕೊದಲ್ಲಿ ಮರ ಕಡಿದು ಬಿಸಿಲಿಗೆ ಬಿಟ್ಟ ತೋಟಗಳೇ ಬಹಳ. ಅವನ್ನು ಮತ್ತೆ ನೆರಳಿಗೆ ತರುವವರಿಗೆ, ಹಕ್ಕಿಯನ್ನು ಕಾಯುವ ಆ ಕಾನೂನಿನ ನಿರ್ಬಂಧಗಳಿಂದ ವಿನಾಯಿತಿ ಕೊಟ್ಟಿದ್ದಾರೆ, ಒಳ್ಳೆಯದೇ. ಆದರೆ ತೋಟ ಕಾಡಿಗೆ ತಾಗಿಕೊಂಡಿದ್ದು, ಮೇಲೆ ಹಬ್ಬಿದ ಬಳ್ಳಿ, ಒಣಗಿ ಸಿಕ್ಕಿಕೊಂಡ ಎಲೆಗುಪ್ಪೆಗಳನ್ನು ಪೂರ್ತಿ ಸವರದೆ ಬಿಟ್ಟರೆ ಮಾತ್ರ ಪ್ರಯೋಜನ. ಈ ಹಕ್ಕಿ ಗೂಡು ಕಟ್ಟುವುದೇ ಅಂಥ ಮರೆಯಲ್ಲಿ. ಇಡುವುದು ಎರಡೋ ಮೂರೋ ಮೊಟ್ಟೆ.

1989ರ ಹ್ಯೂಗೊ, 2017ರ ಮರಿಯಾದಂಥ ಚಂಡಮಾರುತಗಳ ಬೆನ್ನಿಗೇ ಮಾಡಿದ ಗಣತಿಯನ್ನು ಓದುವಾಗ ಎಚ್ಚರ ಬೇಕು. ಎಲೆಯೆಲ್ಲ ಉದುರಿದ ಕಾಡಿನಲ್ಲಿ ಅಡಗುವ ಹಕ್ಕಿಯೂ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಆ ಅಂಕಿಯನ್ನು ಹಿಂದಿನ ವರ್ಷದ ದಟ್ಟ ಹಸಿರಿನ ಅಂಕಿಯ ಪಕ್ಕ ಹಾಗೇ ಇಟ್ಟರೆ ನಷ್ಟ ಕಡಿಮೆಯೆಂದು ತೋರುತ್ತದೆ. ಹಕ್ಕಿ ಎಷ್ಟು ದೂರದಲ್ಲಿ ಕಂಡಿತು ಎಂಬುದನ್ನೂ ಪ್ರತಿ ಸಲ ಬರೆದಿಟ್ಟಿದ್ದರೆ ಈ ತಪ್ಪನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು.