ನಡುರಾತ್ರಿ ಕೂಗುವ ಸೆನ್ಸರ್

ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ, ಮಿರ್ಚಿಯ ಅಂಗಡಿಗಳು ತುಂಬುತ್ತವೆ. ಮಂಡಕ್ಕಿ ಕೈಗೆ ಹಗುರ, ಆದರೆ ಅದರ ಪಿಷ್ಟ ಬೇಗ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಮೊದಲು ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ತೋಳಿಗೆ ಗ್ಲೂಕೋಸ್ ಸೆನ್ಸರ್ ಅಂಟಿಸಿಕೊಂಡ ಮಧುಮೇಹಿಗಳ ಮೊಬೈಲಿನಲ್ಲಿ ಸಕ್ಕರೆಯ ಗೆರೆ ಏರುವುದು ತಿಂದ ಸ್ವಲ್ಪ ಹೊತ್ತಿಗೇ ಕಾಣತೊಡಗುತ್ತದೆ. ಕೆಲವರಿಗೆ ಅದು ಪಾಠ, ಹಲವರಿಗೆ ತಪ್ಪು ಮಾಡಿ ಸಿಕ್ಕಿಬಿದ್ದ ಭಾವ.

ಈ ಪುಟ್ಟ ಬಿಲ್ಲೆ ಅಳೆಯುವುದು ರಕ್ತವನ್ನಲ್ಲ. ಚರ್ಮದಡಿ ಇಳಿದ ಅದರ ತೆಳು ಎಳೆ ಜೀವಕೋಶಗಳ ನಡುವಿನ ದ್ರವದಲ್ಲಿರುತ್ತದೆ. ಎಳೆಗೆ ಲೇಪಿಸಿದ ಕಿಣ್ವ ಗ್ಲೂಕೋಸಿನೊಡನೆ ವರ್ತಿಸಿದಾಗ ಹುಟ್ಟುವ ಅತಿಸಣ್ಣ ವಿದ್ಯುತ್ತೇ ಅಂಕಿಯಾಗುತ್ತದೆ. ರಕ್ತದ ಸಕ್ಕರೆ ಆ ದ್ರವಕ್ಕೆ ತಲುಪಲು ಕೆಲವು ನಿಮಿಷ ಬೇಕು. ತೋಳಿನ ಮೇಲೆ ಮಲಗಿದರೆ ಅಲ್ಲಿ ಒತ್ತಡ ಬಿದ್ದು, ಸಕ್ಕರೆ ಸರಿಯಿದ್ದರೂ ಅಂಕಿ ಕುಸಿದು ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆ. ಬೆರಳು ಚುಚ್ಚಿ ನೋಡಿದರೆ ಎಲ್ಲವೂ ಸರಿ. ಆದರೆ ಗಾಬರಿಯಿಂದ ಎದ್ದ ಮನೆಮಂದಿಯ ನಿದ್ದೆ ಹೋಯಿತಲ್ಲ!

ಹಾಗೆಂದು ಗಂಟೆಯನ್ನು ಹಳಿಯುವಂತಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಸಕ್ಕರೆ ಇಳಿದಾಗಿನ ಬೆವರು, ನಡುಕಗಳ ಮುನ್ಸೂಚನೆಯೇ ಸಿಗುವುದಿಲ್ಲ. ರಾತ್ರಿ ಪ್ರಜ್ಞೆ ತಪ್ಪೀತೆಂಬ ಭಯಕ್ಕೆ ಸಕ್ಕರೆಯನ್ನು ಬೇಕೆಂದೇ ಏರಿಸಿಟ್ಟುಕೊಂಡು ಮಲಗುವವರಿದ್ದಾರೆ. ಅಂಥವರಿಗೆ ಈ ಸಾಧನ ನಿಜವಾದ ನೆಮ್ಮದಿ.

ಭಾರ ಹೆಚ್ಚುವುದು ಅಂಕಿ ಮನೆಯವರ ಮೊಬೈಲಿಗೂ ಹೋದಾಗ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ ಮೊದಲು ಕೇಳುವುದೇ, "ಅಪ್ಪಾಜಿ, ಏನು ತಿಂದಿರಿ?" ಕಾಳಜಿಯೇ ಹೌದು, ಆದರೆ ದಿನವೂ ಕೇಳಿದರೆ ಅದು ವಿಚಾರಣೆ. ಕಾಯಿಲೆಯನ್ನು ನಿಭಾಯಿಸುವುದರಿಂದಲೇ ಬರುವ ಈ ದಣಿವನ್ನು ಅಳೆಯಲು 1995ರಲ್ಲೇ 20 ಪ್ರಶ್ನೆಗಳ ಒಂದು ಮಾಪನ ಪ್ರಕಟವಾಯಿತು. ಇದು ಖಿನ್ನತೆಯಲ್ಲ, ಸೋಮಾರಿತನವಂತೂ ಖಂಡಿತ ಅಲ್ಲ. ನಮ್ಮ ಕ್ಲಿನಿಕ್‌ಗಳಲ್ಲಿ ಕಾಲು, ಕಣ್ಣು ಪರೀಕ್ಷಿಸುವಂತೆ ಇದನ್ನೂ ಕೇಳಬೇಕು.

ಗೆರೆ ಸದಾ ನೇರವಾಗಿರಬೇಕೆಂದು ಯಾವ ವೈದ್ಯಶಾಸ್ತ್ರವೂ ಹೇಳಿಲ್ಲ. 2019ರ ಅಂತರರಾಷ್ಟ್ರೀಯ ಒಮ್ಮತದಂತೆ ಮಧುಮೇಹವಿರುವ ಹೆಚ್ಚಿನ ವಯಸ್ಕರಿಗೆ ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು ಸಕ್ಕರೆ ಡೆಸಿಲೀಟರಿಗೆ 70ರಿಂದ 180 ಮಿಲಿಗ್ರಾಂ ನಡುವೆ ಇದ್ದರೆ ಸಾಕು. ವಯಸ್ಸಾಗಿ ನಿತ್ರಾಣರಾದವರಿಗೆ ಶೇ. 50ರ ಗುರಿ. ಅವರ ವಿಷಯದಲ್ಲಿ 70ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದೇ ಮುಖ್ಯ. ಆದ್ದರಿಂದ ವೈದ್ಯರೊಡನೆ ಮಾತಾಡಿ, ಸಕ್ಕರೆ ಏರಿದಾಗಿನ ಗಂಟೆಯ ಮಿತಿಯನ್ನು ತುಸು ಎತ್ತರಿಸಿಕೊಳ್ಳಬಹುದು. ಇಳಿದಾಗ ಕೂಗುವ ಗಂಟೆಯನ್ನು ಮಾತ್ರ ನಿಲ್ಲಿಸಬಾರದು.