ನಲವತ್ತು ಕ್ಲಾಸಿನ ಲೆಕ್ಕ

ಸೆಮಿಸ್ಟರ್ ಮುಗಿಯುವ ವಾರ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ದೊಡ್ಡ ಸಾಲೇ ಇರುತ್ತದೆ. ಹೋದ ವರ್ಷ ಆ ಸಾಲಿನಲ್ಲಿ ಒಬ್ಬ ಹುಡುಗ ತನ್ನ ತಂದೆಯನ್ನೂ ಕರೆದುಕೊಂಡು ಬಂದಿದ್ದ. "ಮೇಡಂ, ಇವನ ಹಾಜರಿ ಒಟ್ಟು 86 ಪರ್ಸೆಂಟ್ ಇದೆಯಂತೆ. ಆದ್ರೂ ಶಾರ್ಟೇಜ್ ಲಿಸ್ಟಲ್ಲಿ ಹೆಸರಿದೆಯಲ್ಲಾ?" ಅವರು ಹೇಳಿದ್ದು ಸುಳ್ಳಲ್ಲ. ಎಲ್ಲ ವಿಷಯ ಸೇರಿಸಿದರೆ 86 ಇತ್ತು. ಗಣಿತ ಒಂದರಲ್ಲಿ ಮಾತ್ರ 70. ಗಣಿತದ ಕ್ಲಾಸು ಬೆಳಗ್ಗೆ ಎಂಟಕ್ಕೆ, ಹುಡುಗ ಪಿಜಿಯಲ್ಲಿರುವವನು. ಉಳಿದದ್ದು ನಿಮಗೇ ಗೊತ್ತಾಗುತ್ತೆ.

ಹಾಜರಿಯನ್ನು ಒಟ್ಟಾಗಿ ನೋಡುವುದಿಲ್ಲ, ಒಂದೊಂದು ವಿಷಯಕ್ಕೂ ಬೇರೆ ಬೇರೆ ನೋಡುತ್ತಾರೆ. ನಾನು ಪಾಠ ಮಾಡುವುದು ವಿಟಿಯುಗೆ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಸೇರಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಇಲ್ಲಿ ಹೇಳುತ್ತಿರುವ ಲೆಕ್ಕ ಅದರ 2022ರ ಸ್ಕೀಮ್‌ನದು, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ನಿಯಮಗಳದು. ಅಟಾನಮಸ್ (ಸ್ವಾಯತ್ತ) ಕಾಲೇಜಿನಲ್ಲಿ ಓದುವವರು ತಮ್ಮ ಕಾಲೇಜಿನ ನಿಯಮಾವಳಿಯನ್ನೇ ನೋಡಬೇಕು.

ಬೇಕಾದ ಹಾಜರಿ 85 ಪರ್ಸೆಂಟ್. ಎಲ್ಲರ ಬಾಯಲ್ಲೂ ಇರುವ 75 ಎಲ್ಲಿಂದ ಬಂತು? ಕಾಯಿಲೆ, ಕ್ರೀಡಾಕೂಟದಂಥ ಸರಿಯಾದ ಕಾರಣ ಇದ್ದರೆ, ದಾಖಲೆ ಕೊಟ್ಟರೆ, ಇನ್ನೊಂದು 10 ಪರ್ಸೆಂಟ್ ಮನ್ನಾ ಕೇಳಬಹುದು. ಕೇಳಬಹುದು, ಅಷ್ಟೇ. ಅಕ್ಕನ ಮದುವೆ ಈ ಪಟ್ಟಿಯಲ್ಲಿ ಬರುವುದಿಲ್ಲ. 75ಕ್ಕಿಂತ ಕೆಳಗೆ ಹೋದ ಮೇಲೆ ಯಾವ ಮೆಡಿಕಲ್ ಸರ್ಟಿಫಿಕೇಟ್ ತಂದರೂ ನಾವು ಏನೂ ಮಾಡಲಾಗುವುದಿಲ್ಲ.

ಪರ್ಸೆಂಟ್ ಬಿಟ್ಟು ಕ್ಲಾಸು ಎಣಿಸಿ ಅಂತ ನಾನು ಹುಡುಗರಿಗೆ ಹೇಳುತ್ತೇನೆ. ಒಂದು ವಿಷಯಕ್ಕೆ ಇರುವ ತೂಕವೇ ಕ್ರೆಡಿಟ್. ಮೂರು ಕ್ರೆಡಿಟ್‌ನ ಥಿಯರಿ ವಿಷಯಕ್ಕೆ ಹೆಚ್ಚುಕಮ್ಮಿ 40 ಕ್ಲಾಸು. ಅದರಲ್ಲಿ 34ಕ್ಕೆ ಬರಬೇಕು. ಇಡೀ ಸೆಮಿಸ್ಟರಿಗೆ ತಪ್ಪಿಸಲು ಇರುವುದು ಆರೇ ಕ್ಲಾಸು. ಒಂದು ವಾರ ಜ್ವರ ಬಂದರೆ ಮೂರು ಹೋಯಿತು, ಹಬ್ಬಕ್ಕೆ ಊರಿಗೆ ಹೋಗಿ ಎರಡು ದಿನ ಜಾಸ್ತಿ ಉಳಿದರೆ ಇನ್ನೆರಡು. "ಆಮೇಲೆ ಸರಿ ಮಾಡ್ಕೋತೀನಿ" ಅನ್ನುವವರು ಇದನ್ನು ನೋಡಬೇಕು. 20 ಕ್ಲಾಸು ಆದಾಗ 12ಕ್ಕೆ ಬಂದಿದ್ದೀರಿ ಅಂದುಕೊಳ್ಳಿ. ಉಳಿದ 20ಕ್ಕೂ ತಪ್ಪದೆ ಬಂದರೂ ಸಿಗುವುದು 32. ಅಂದರೆ 85 ಕೈ ತಪ್ಪಿ ಆಗಿದೆ. 75 ಮುಟ್ಟಬೇಕಾದರೂ ಇನ್ನು ಎರಡೇ ತಪ್ಪಿಸಬಹುದು. ಲ್ಯಾಬ್ ಇನ್ನೂ ಬಿಗಿ. ಸೆಮಿಸ್ಟರಿಗೆ 12 ಲ್ಯಾಬ್ ನಡೆದರೆ ಎರಡು ತಪ್ಪಿಸುವಷ್ಟರಲ್ಲಿ 83ಕ್ಕೆ ಇಳಿದಿರುತ್ತೀರಿ.

ನಮ್ಮ ಹುಡುಗ 40ರಲ್ಲಿ 28ಕ್ಕೆ ಬಂದಿದ್ದ. 75ಕ್ಕೂ ಎರಡು ಕಮ್ಮಿ. "ಎರಡೇ ಕ್ಲಾಸು ಅಲ್ವಾ ಮೇಡಂ, ಈಗ ತಗೊಂಡುಬಿಡಿ" ಅಂದರು ತಂದೆ. ಕೊನೆಯ ದಿನ ದಾಟಿತ್ತು. ಉಳಿದ ಪೇಪರುಗಳನ್ನೆಲ್ಲ ಅವನು ಬರೆದ. ಗಣಿತದ ಪರೀಕ್ಷೆ ಬರೆಯುವಂತಿರಲಿಲ್ಲ, ಅದಕ್ಕೆ ಮತ್ತೆ ನೋಂದಾಯಿಸಿಕೊಂಡು ಕ್ಲಾಸಿನಲ್ಲಿ ಕೂರಬೇಕಾಯಿತು.

ಪರೀಕ್ಷೆಗೆ ಮೊದಲ ಬಾಗಿಲು ಹಾಜರಿಯಾದರೆ, ಎರಡನೇ ಬಾಗಿಲು ಇಂಟರ್ನಲ್ಸ್, ಅಂದರೆ ಕಾಲೇಜಿನಲ್ಲೇ ಕೊಡುವ ಅಂಕ. ಬ್ಲೂ ಬುಕ್ಕಿನಲ್ಲಿ ಬರೆಯುವ ಟೆಸ್ಟು, ಅಸೈನ್‌ಮೆಂಟು ಎಲ್ಲ ಸೇರಿ 50 ಅಂಕ. ಇದರಲ್ಲಿ 20 ಬರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಹಾಗೇ ಇಲ್ಲ. ಸೆಮಿಸ್ಟರ್ ಪರೀಕ್ಷೆ 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಅಲ್ಲಿ ಕನಿಷ್ಠ 18 ಬೇಕು. ಎರಡೂ ಸೇರಿ 40 ಆಗಬೇಕು. ಎಷ್ಟೋ ಮಕ್ಕಳು ಕಾಲು ಜಾರುವುದು ಇಲ್ಲೇ. ಇಂಟರ್ನಲ್ಸ್ 20, ಪರೀಕ್ಷೆ 18. ಎರಡರಲ್ಲೂ ಗಡಿ ದಾಟಿದ್ದಾರೆ, ಕೂಡಿದರೆ 38, ಫಲಿತಾಂಶ ಫೇಲ್! "ಪಾಸಾದದ್ದು ಹೇಗೆ ಫೇಲಾಗುತ್ತೆ?" ಅಂತ ಪ್ರತಿ ವರ್ಷ ಯಾರಾದರೂ ಬಂದು ಕೇಳುತ್ತಾರೆ.

ಇಂಟರ್ನಲ್ಸ್ ಅಂಕವನ್ನು ಸುಮ್ನೆ ಕೈತುಂಬಾ ಕೊಡುವ ಮೇಷ್ಟ್ರುಗಳೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. 45 ಸಿಕ್ಕಿದ ಹುಡುಗಿ ತನಗೆ ವಿಷಯ ಬರುತ್ತದೆ ಅಂತ ನಂಬಿಕೊಂಡು ಪರೀಕ್ಷೆಗೆ ಹೋಗುತ್ತಾಳೆ, ಅಲ್ಲಿ 12 ಬರುತ್ತದೆ.

ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್ (ಪಠ್ಯದ ಭಾಗ), ಒಂದೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ. ಒಂದು ಪ್ರಶ್ನೆಗೆ 20 ಅಂಕ. ಒಂದು ಮಾಡ್ಯೂಲನ್ನು ಪೂರ್ತಿ ಬಿಟ್ಟರೆ 20 ಅಂಕ ಅಲ್ಲೇ ಹೋಯಿತು. ಬೇರೆ ಮಾಡ್ಯೂಲಿನ ಎರಡೂ ಪ್ರಶ್ನೆ ಬರೆದು ಅದನ್ನು ತುಂಬಿಸಲು ಆಗುವುದಿಲ್ಲ. ಬರೆದದ್ದನ್ನು ನಾವು ನೋಡುವುದು ಸ್ಕ್ಯಾನ್ ಆಗಿ ಕಂಪ್ಯೂಟರ್ ಪರದೆ ಮೇಲೆ ಬಂದ ಪುಟವನ್ನು. ಪ್ರಶ್ನೆ ಸಂಖ್ಯೆ ಎದ್ದು ಕಾಣುವಂತೆ ಬರೆಯಿರಿ. ಚಿತ್ರವನ್ನು ತೆಳ್ಳಗೆ ಪೆನ್ಸಿಲಿನಲ್ಲಿ ಗೀಚಿದರೆ ಪರದೆಯಲ್ಲಿ ಮಸುಕಾಗಿ ಕಾಣುತ್ತದೆ.

ಇನ್ನು ಗ್ರೇಡು. 90ರಿಂದ ಮೇಲೆ 'ಒ', ಅಂದರೆ 10 ಪಾಯಿಂಟ್. 80ರಿಂದ 89 'ಎ ಪ್ಲಸ್' 9, 70ರಿಂದ 'ಎ' 8, 60ರಿಂದ 'ಬಿ ಪ್ಲಸ್' 7, 55ರಿಂದ 'ಬಿ' 6, 50ರಿಂದ 'ಸಿ' 5, 40ರಿಂದ 'ಪಿ' 4. ಪಾಯಿಂಟನ್ನು ಆ ವಿಷಯದ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರಿನ ಸರಾಸರಿ ಪಾಯಿಂಟ್. ಹಾಗಾಗಿ ಮೂರು ಕ್ರೆಡಿಟ್‌ನ ವಿಷಯದಲ್ಲಿ ಒಂದು ಮೆಟ್ಟಿಲು ಹತ್ತಿದರೆ, 20 ಕ್ರೆಡಿಟ್‌ನ ಸೆಮಿಸ್ಟರಿನಲ್ಲಿ 0.15 ಏರುತ್ತದೆ. ಒಂದು ಕ್ರೆಡಿಟ್‌ನ ವಿಷಯದಲ್ಲಿ ಹತ್ತಿದರೆ 0.05 ಮಾತ್ರ. ಯಾವುದಕ್ಕೆ ರಾತ್ರಿ ನಿದ್ದೆಗೆಡಬೇಕು ಅಂತ ಇದರಲ್ಲೇ ತಿಳಿಯುತ್ತದೆ.

ಅಂಕಕ್ಕೆ ಬೆಲೆ ಇರುವುದು ಗಡಿಯ ಹತ್ತಿರ ಮಾತ್ರ. 70ಕ್ಕೂ 79ಕ್ಕೂ ಪಾಯಿಂಟ್ ಒಂದೇ, 79ಕ್ಕೂ 80ಕ್ಕೂ ಬೇರೆ. ರಿಸಲ್ಟ್ ಬಂದ ದಿನ ರೀವ್ಯಾಲ್ಯುಯೇಷನ್ (ಮರುಮೌಲ್ಯಮಾಪನ) ಹಾಕಲಾ ಅಂತ ಕೇಳುವವರಿಗೆ ನಾನು ಮೊದಲು ಅಂಕ ಎಷ್ಟು ಅಂತ ಕೇಳುತ್ತೇನೆ. 38, 79, 89 ಅಂದರೆ ಉತ್ತರಪತ್ರಿಕೆಯ ಫೋಟೋಕಾಪಿ ತರಿಸಿ, ಕೂತು ನೋಡೋಣ ಅನ್ನುತ್ತೇನೆ. 62 ಅಂದರೆ ಆ ದುಡ್ಡಲ್ಲಿ ಮಸಾಲೆ ದೋಸೆ ತಿಂದು ಬಾ ಅನ್ನುತ್ತೇನೆ.